ಎದ್ದು ಹೋದವನ ತಲೆ

ತಲೆ, ಮತ್ತೆ ಅದೇ ತಲೆ, ಡ್ರೈವರ್ ಹಿಂದಿನ ಟಿವಿಯಲ್ಲಿ ನಾಯಕಿ ಅಳುತ್ತಿದ್ದಾಳೆ, ಅವಳ ಕಣ್ಣೀರಿಗೂ ನಮಗೂ ನಡುವೆ ಯಾರದೋ ಕಪ್ಪು ತಲೆಯೊಂದು ಎದ್ದು ಬಲಕ್ಕೆ ಸರಿದು ಮಾಯವಾಯಿತು, ಅಂದರೆ ಇದು ಥಿಯೇಟರಿನಲ್ಲಿ ಕೂತು ಮೊಬೈಲಿನಲ್ಲಿ ಹಿಡಿದ ಸಿನಿಮಾ, ಕದ್ದದ್ದು, ಇಡೀ ಬಸ್ಸು ಬಾಯಿ ತೆರೆದು ನೋಡುತ್ತಿದೆ, ಕಂಡಕ್ಟರ್ ಮಾತ್ರ ಅದೇ ಟಿವಿಯ ಕೆಳಗೆ ನಿಂತು ಒಬ್ಬ ತಾಯಿಯನ್ನು ಗದರುತ್ತಿದ್ದಾನೆ, ಮಗು ಸ್ಕೂಲಿಗೆ ಹೋಗುತ್ತಲ್ಲಮ್ಮ, ಅರ್ಧ ಟಿಕೆಟ್ ತಗೊಳ್ಳಿ, ಎಲ್ಲರ್ನೂ ಪುಕ್ಕಟೆ ಕರ್ಕೊಂಡು ಹೋದ್ರೆ ನಮ್ಮ ಓನರ್ ಹೊಟ್ಟೆಗೆ ಎಂತ ಮಾಡ್ಬೇಕು — ಓನರ್ ಹೊಟ್ಟೆ, ಸರಿ, ಸಿನಿಮಾ ತೆಗೆದವರ ಹೊಟ್ಟೆ ಬೇರೆ, ಅದು ತೀರ್ಥಹಳ್ಳಿಯ ಬಸ್ಸಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ, ಕಂಡಕ್ಟರ್ರೇ ಇದು ಅಪರಾಧ ಗೊತ್ತಾ ಅಂತ ಕೇಳಿಯೇ ಕೇಳುತ್ತಿದ್ದೆ, ಆದರೆ ಇವತ್ತು ನನ್ನ ಬ್ಯಾಗಿನ ಟಿಫಿನ್ ಡಬ್ಬಿಯೊಳಗೆ ಒಂದು ಪೆನ್‌ಡ್ರೈವ್ ಇದೆ. ಡಬ್ಬಿಯಲ್ಲಿ ಯಾಕಿಟ್ಟೆ. ಪೊಲೀಸರು ಬಸ್ ನಿಲ್ಲಿಸಿ ಪಿಯು ಕಾಲೇಜಿನ ಕಾಮರ್ಸ್ ಲೆಕ್ಚರರ್ ಬ್ಯಾಗು ತಡಕುವುದುಂಟೇ, ತಡಕುವವರಾದರೆ ಡಬ್ಬಿಯೊಂದನ್ನು ಬಿಡುತ್ತಾರೆಯೇ, ಈಗ ಚಿತ್ರಾನ್ನದ ಎಣ್ಣೆ ತಾಗಿ ಅದು ಓಡದೇ ಹೋದರೆ ಅತ್ತೆಗೆ ಏನು ಹೇಳಲಿ, ಕಳ್ಳಿಯಾದೆ ಅತ್ತೆ, ಆದರೆ ಕೆಲಸ ಬರದ ಕಳ್ಳಿಯಾದೆ ಅಂತಲೇ.

ಮಾವನದ್ದೇ ತಪ್ಪು ಅನ್ನಬೇಕು, ಕ್ಯಾಮೆರಾ ನೋಡಬೇಡಿ ಅಂತ ಸಿನಿಮಾದವರು ಅಷ್ಟು ಹೇಳಿದ್ದರು. ಕವಲೇದುರ್ಗದ ಕೋಟೆಗೆ ಶೂಟಿಂಗಿಗೆ ಬಂದವರಿಗೆ ಮದುವೆ ಮನೆಯೊಂದು ಬೇಕಾಯಿತು, ಕೋಟೆಯ ಕೆಳಗೆ ದೊಡ್ಡ ಅಂಗಳ ಇದ್ದದ್ದು ನಮ್ಮದೇ, ಚಪ್ಪರ ಹಾಕಿದರು, ಊರವರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿದರು, ಕ್ಯಾಮೆರಾ ನಿಮ್ಮ ನಡುವೆ ಬರುತ್ತೆ, ಅಲ್ಲೇನೂ ಇಲ್ಲ ಅಂದ್ಕೊಂಡು ಊಟ ಮಾಡ್ತಿರಿ ಯಜಮಾನ್ರೇ, ಡೈರೆಕ್ಟರ್ ಕೈಮುಗಿದು ಹೇಳಿದ, ಮಾವ ದೊಡ್ಡದಾಗಿ ತಲೆಯಾಡಿಸಿದರು, ಕ್ಯಾಮೆರಾ ಚಪ್ಪರದ ಕಂಬ ದಾಟಿದ್ದೇ ತಡ ತಿರುಗಿ, ಅದರ ಕಣ್ಣಿಗೇ ಕಣ್ಣಿಟ್ಟು, ಬಂದ್ರಾ, ಅಂದುಬಿಟ್ಟರು. ಮತ್ತೆ ತೆಗೆದರು, ಮತ್ತೆ ಬಂದ್ರಾ. ಆಮೇಲೆ ಸಿನಿಮಾದವರು ಬೇಡಿಕೊಂಡರು, ಗದರಿದರು, ಮಾವನನ್ನು ಕೊನೆಯ ಎಲೆಗೆ ಕಳಿಸಿದರು, ಕೊನೆಯ ಎಲೆಯಿಂದ ಇನ್ನೂ ಗಟ್ಟಿಯಾಗಿ ಬಂದ್ರಾ. ಅತ್ತೆ ಯಮುನಮ್ಮ ಒಳಗಿನಿಂದ, ಸುಮ್ನೆ ಉಣ್ಣೋಕೇನ್ರೀ ನಿಮ್ಗೆ, ಅಂದರೆ, ಅಂಗಳಕ್ಕೆ ಬಂದಿದ್ದನ್ನ ಮಾತಾಡಿಸ್ದೆ ಕೂರೋಕೆ ನಾನೇನು ಕಲ್ಲೇನೇ, ಅದೂ ಊಟದ ಹೊತ್ತಲ್ಲಿ, ಅಂತ ಮಾವ. ಬೆಳಕು ಹೋಗುತ್ತಿತ್ತು, ಡೈರೆಕ್ಟರ್ ಸೋತು ಹಾಗೇ ಇಟ್ಟುಕೊಂಡ. ಸಿನಿಮಾ ಶಿವಮೊಗ್ಗಕ್ಕೆ ಬಂದಾಗ ಮಾವ ಆಸ್ಪತ್ರೆಯಲ್ಲಿ, ಅದನ್ನು ನೋಡುವ ಸ್ಥಿತಿಯಲ್ಲಿ ಮನೆಯಲ್ಲಿ ಯಾರೂ ಇರಲಿಲ್ಲ, ಸಿನಿಮಾ ಒಂದು ವಾರಕ್ಕೆ ಎತ್ತಂಗಡಿಯಾಯಿತು, ಮಾವ ಅಷ್ಟೂ ಉಳಿಯಲಿಲ್ಲ. ಗೋಡೆಯ ಮೇಲೆ ಫೋಟೋ ಇದೆ, ಅದು ಮಾವ ಸೀತಾರಾಮಪ್ಪನವರ ಹಾಗೇ ಇದೆ, ಮಾತಾಡದಿರುವುದೊಂದು ಬಿಟ್ಟರೆ.

ಆ್ಯಪಿನಲ್ಲಿ ಆ ಸಿನಿಮಾ ಬಂದಾಗ ಎರಡು ಗುಂಡಿ ಇದ್ದವು, ಬಾಡಿಗೆ, ಖರೀದಿ, ನಾನು ಎರಡನೆಯದನ್ನೇ ಒತ್ತಿದ್ದು, ರಸೀದಿಯೂ ಬಂತು, ಅತ್ತೆ ದಿನಾ ದೀಪ ಹಚ್ಚಿ ಟಿವಿ ಮುಂದೆ ಕೂರುತ್ತಿದ್ದರು, ಮೊದಲು ಪೈರಸಿ ಅಪರಾಧ ಅನ್ನುವ ಕಪ್ಪು ಹಲಗೆ, ಅದನ್ನು ದಾಟಿಸಲು ಬರುವುದಿಲ್ಲ, ಅತ್ತೆ ಕೇಳುತ್ತಿದ್ದರು, ಇವ್ರು ಯಾರಿಗೆ ಹೇಳೋದೇ ಇದನ್ನ, ನಾವು ದುಡ್ಡು ಕೊಟ್ಟಿದ್ದೀವಲ್ಲ, ಕದ್ದೋರಿಗೆ ಹೇಳ್ರಿ ಅನ್ನು — ಕದ್ದವರ ಸಿನಿಮಾದಲ್ಲಿ ಈ ಹಲಗೆ ಇರೋದಿಲ್ಲ ಅತ್ತೆ — ಹಂಗಾದ್ರೆ ಬೈಸ್ಕೊಳ್ಳೋಕೆ ದುಡ್ಡು ಕೊಟ್ಟಂಗಾಯ್ತು. ಆಮೇಲೆ ಚಪ್ಪರ, ಕಂಬ, ಬಂದ್ರಾ. ಬಂದೆ ಬಂದೆ, ನೀವು ಉಣ್ಣಿ ಮೊದ್ಲು, ಅನ್ನುತ್ತಾರೆ ಅತ್ತೆ, ಎದ್ದು ಹೋಗಿ ತಾವೂ ಬಡಿಸಿಕೊಂಡು ಉಣ್ಣುತ್ತಾರೆ, ಹಾಗೆ ನಡೆದಿತ್ತು, ಹೋದ ತಿಂಗಳು ಮಾವನ ಜಾಗದಲ್ಲಿ ಬಿಳಿ ಅಕ್ಷರ ಬರುವವರೆಗೆ, ಈ ಶೀರ್ಷಿಕೆ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಯಾವ ಪ್ರದೇಶ. ಕಸ್ಟಮರ್ ಕೇರಿನ ಹುಡುಗಿಗೆ ಹೇಳಿದೆ, ಅದು ತೆಗೆದದ್ದೇ ನಮ್ಮ ಪ್ರದೇಶದಲ್ಲಿ, ಪ್ರದೇಶದಲ್ಲಿ ಅಂದರೆ ನಮ್ಮ ಅಂಗಳದಲ್ಲಿ, ನಾನು ಈಗ ಅಲ್ಲೇ ನಿಂತು ಮಾತಾಡ್ತಿದ್ದೀನಿ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಮೇಡಂ, ಹಕ್ಕಿನ ಅವಧಿ ಮುಗಿದಿದೆ. ಖರೀದಿ ಮಾಡಿದ್ದೆನಲ್ಲಮ್ಮ. ಖರೀದಿ ಅಂದರೆ ನೋಡುವ ಅನುಮತಿ ಮೇಡಂ, ಷರತ್ತುಗಳಲ್ಲಿದೆ, ಇದೇ ಥರದ ಬೇರೆ ಸಿನಿಮಾ ಸಜೆಸ್ಟ್ ಮಾಡಲಾ, ಮದುವೆ ಸೀನ್ ಇರೋದೇ ಕೊಡ್ತೀನಿ. ಪಾಪ, ಅವಳ ತಪ್ಪಲ್ಲ, ಅವಳಿಗೂ ಆ ಕುರ್ಚಿ ಅನುಮತಿಯ ಮೇಲಷ್ಟೇ ಕೊಟ್ಟಿರಬಹುದು. ಅಂದಿನಿಂದ ಅತ್ತೆ ದೀಪ ಹಚ್ಚುತ್ತಾರೆ, ಟಿವಿ ಹಾಕುತ್ತಾರೆ, ಬಿಳಿ ಅಕ್ಷರ ಪೂರ್ತಿ ಓದುತ್ತಾರೆ, ಆರಿಸುತ್ತಾರೆ, ಊಟಕ್ಕೆ ಕರೆದರೆ ಹಸಿವಿಲ್ಲ ಕಣೆ, ಕುಪ್ಪಸದ ತೋಳು ಸಡಿಲವಾಗಿದೆ, ಹಿಡಿದು ಹೊಲಿಯಬೇಕು.

ಸಾಗರದ ಕಾಲೇಜಿನವರು ಗ್ರಾಹಕರ ದಿನಕ್ಕೆ ಕರೆಸಿದಾಗ ಎಷ್ಟು ಚೆನ್ನಾಗಿ ಹೇಳಿದ್ದೆ, ಕದ್ದ ಸಿನಿಮಾ ನೋಡೋದು ಕರೆಯದ ಮದುವೆಗೆ ಹೋಗಿ ಉಂಡು ಬಂದ ಹಾಗೆ, ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು — ಆದರೆ ಈ ಮದುವೆ ನಮ್ಮ ಅಂಗಳದ್ದು, ಅನ್ನ ಬೆಂದದ್ದು ನಮ್ಮ ಒಲೆಯಲ್ಲಿ, ನಮ್ಮನ್ನೇ ಎಲೆಯಿಂದ ಎಬ್ಬಿಸಿ ಕಳಿಸಿದರಲ್ಲ, ಅದಕ್ಕೇನು ಹೆಸರು. ಹಾಗಂತ ಕದಿಯಬಹುದೇ, ಕಂಪನಿ ಮಾಡಿದ್ದು ಮೋಸ ಅಂತ ಇಟ್ಟುಕೊಳ್ಳೋಣ, ಲೈಟ್ ಹೊತ್ತವರು ನಮಗೇನು ಮಾಡಿದ್ದರು, ಮೇಕಪ್ಪಿನ ಹುಡುಗಿ ಅತ್ತೆ ಮಾಡಿದ ಕಡುಬು ಕಟ್ಟಿಸಿಕೊಂಡು ಹೋಗಿದ್ದಳು, ಅವರ ಪಾಲು ನಾನು ಖರೀದಿ ಒತ್ತಿದ ದಿನವೇ ಕೊಟ್ಟಾಯಿತು, ಅದು ಅವರ ಕೈ ಸೇರಿತೋ ಇಲ್ಲವೋ ಗೊತ್ತಿಲ್ಲ, ಹಾಗಾದರೆ ಈಗ ನಾನು ಯಾರ ಜೇಬಿಗೆ ಕೈ ಹಾಕಿದ್ದೇನೆ, ಪರೀಕ್ಷೆಗೆ ಕೇಳಬಹುದಾದ ಪ್ರಶ್ನೆ, ಉತ್ತರ ಪತ್ರಿಕೆ ಮೌಲ್ಯಮಾಪನ ಮಾಡುವವರು ಯಾರೋ. ನಿರಂಜನನಿಗೆ ಫೋನ್ ಮಾಡಿದರೆ ಗಂಡನಾದವನು ಧೈರ್ಯ ಹೇಳುವುದು ಬಿಟ್ಟು, ಸಿಕ್ಕಿದ್ರೆ ತಂದ್ಬಿಡೇ ಮಾರಾಯ್ತಿ, ಅವ್ವ ಉಂಡ್ರೆ ಸಾಕು — ಹೊಸನಗರದಲ್ಲಿ ಇವನ ಕೆಲಸವೇ ಕರೆಂಟ್ ತಂತಿಗೆ ಕೊಕ್ಕೆ ಹಾಕಿದವರನ್ನು ಹಿಡಿಯುವುದು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ಅಂಗಡಿ ಇಟ್ಟಿರುವ ಸಚಿನ್ ನನ್ನ ಹಳೇ ವಿದ್ಯಾರ್ಥಿ, ಇವತ್ತು ಹೋದಾಗ ಬಾಗಿಲಲ್ಲೇ ಎದ್ದು ನಿಂತ, ಮೇಡಂ ಚಾರ್ಜರಾ. ಅಲ್ಲ ಸಚಿನ್, ಒಂದು ಸಿನಿಮಾ. ಅವನ ಮುಖದಲ್ಲಿ ಹಬ್ಬ, ನೀವಾ ಮೇಡಂ, ನನ್ನ ಪೆನ್‌ಡ್ರೈವ್ ಕ್ಲಾಸಲ್ಲಿ ಕಿತ್ಕೊಂಡಿದ್ರಲ್ಲ, ಕಳ್ಳತನಕ್ಕೆ ಸಣ್ಣದು ದೊಡ್ಡದು ಇಲ್ಲ ಅಂದಿದ್ರಿ. ಹೌದಪ್ಪ, ಸಿನಿಮಾ ಇದೆಯಾ. ಮಧ್ಯಾಹ್ನ ಪೂರ್ತಿ ಹುಡುಕಿದ, ಯಾರಿಗೂ ಬೇಡದ ಸಿನಿಮಾ ಮೇಡಂ, ಕಳ್ಳರೂ ಮುಟ್ಟಿಲ್ಲ, ಯಾವನೋ ಒಬ್ಬ ಪುಣ್ಯಾತ್ಮ ಥಿಯೇಟರಲ್ಲಿ ಹಿಡಿದದ್ದು ಒಂದೇ ಇದೆ, ತಲೆ ಗಿಲೆ ಬಂದ್ರೆ ಬೈಬೇಡಿ. ದುಡ್ಡು ಎಷ್ಟಪ್ಪ ಅಂದರೆ, ಛೇ, ಕದ್ದಿದ್ದಕ್ಕೆ ನಿಮ್ಮತ್ರ ದುಡ್ಡು ತಗೊಳ್ಳೋದಾ, ನಾಚಿಕೆ ಆಗುತ್ತೆ.

ನಮ್ಮೂರ ಕ್ರಾಸಲ್ಲಿ ಬಸ್ಸಿಳಿದೆ, ಮನೆಗೆ ನಡೆದೆ, ಡಬ್ಬಿ ತೆರೆದು ಸೆರಗಿನಲ್ಲಿ ಒರೆಸಿ ಟಿವಿಯ ಬೆನ್ನಿಗೆ ಚುಚ್ಚಿದೆ, ದೀಪ ಹಚ್ಚಿ ಬಂದ ಅತ್ತೆ ಕುರ್ಚಿ ಎಳೆದುಕೊಂಡರು, ಕಪ್ಪು ಹಲಗೆ ಇಲ್ಲ, ಬೈಗುಳ ಎಲ್ಲೇ, ಇಲ್ಲ ಅತ್ತೆ, ನೆಟ್ಟಗೆ ಸಿನಿಮಾನೇ, ಹಿಂಗಿರ್ಬೇಕು ನೋಡು. ಚಿತ್ರ ಓರೆಯಾಗಿದೆ, ಯಾರೋ ಕೆಮ್ಮುತ್ತಾರೆ, ಮುಂದೆ ಓಡಿಸುತ್ತೇನೆ, ಚಪ್ಪರ ಬಂತು, ಎಲೆ ಬಂತು, ಕ್ಯಾಮೆರಾ ಕಂಬ ದಾಟುತ್ತಿದೆ, ಈಗ, ಈಗ ಮಾವ ತಿರುಗುತ್ತಾರೆ — ತಲೆ. ದೊಡ್ಡ ಕಪ್ಪು ತಲೆ, ಅವಸರಕ್ಕೆ ಎದ್ದವನದು, ಟಿಕೆಟ್ ತಗೊಂಡ ಸಭ್ಯಸ್ಥ, ಸರಿಯಾಗಿ ಮಾವನ ಮುಖದ ಮೇಲೆ, ಅದರ ಹಿಂದಿನಿಂದ ಧ್ವನಿ ಮಾತ್ರ, ಬಂದ್ರಾ, ಮತ್ತು ಆಮೇಲೆ — ಇದು ನಮ್ಮ ಖರೀದಿಯಲ್ಲಿ ಇರಲಿಲ್ಲ — ಇಡೀ ಥಿಯೇಟರ್ ನಗುತ್ತದೆ, ಒಬ್ಬರಿಬ್ಬರಲ್ಲ, ತುಂಬಿದ ಮನೆ ನಕ್ಕ ಹಾಗೆ, ಹಿಂದಿನಿಂದ ಯಾರೋ ಗಟ್ಟಿಯಾಗಿ, ಬಂದ್ವಿ ಯಜಮಾನ್ರೇ, ಅಂತ ಕೂಗುತ್ತಾನೆ, ಎಲ್ಲರಿಗಿಂತ ಹತ್ತಿರದ ನಗು ಮೊಬೈಲ್ ಹಿಡಿದ ಕಳ್ಳನದು, ಕೈ ಅಲುಗಿ ಚಪ್ಪರವೆಲ್ಲ ಕುಲುಕುತ್ತದೆ. ಅತ್ತೆ ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಸರಿಸಿಕೊಂಡರು. ಅಷ್ಟೂ ಜನಾನ ಮಾತಾಡ್ಸಿದ್ರೇನೇ ಇವ್ರು. ಹೂಂ ಅತ್ತೆ. ಇನ್ನೊಂದ್ಸಲ ಹಾಕು, ನೋಡಣ. ಹಾಕಿದೆ, ಕಂಬ, ತಲೆ ಏಳುತ್ತದೆ, ಅತ್ತೆ ಕುರ್ಚಿಯಲ್ಲೇ ಎಡಕ್ಕೆ ಬಾಗುತ್ತಾರೆ, ಮುಂದಿನ ಸಾಲಿನವನ ಪಕ್ಕದಿಂದ ಇಣುಕುವವರ ಹಾಗೆ ಕತ್ತು ಚಾಚಿ, ಬಂದೆ ಬಂದೆ, ನೀವು ಉಣ್ಣಿ ಮೊದ್ಲು, ಅನ್ನುತ್ತಾರೆ, ಇನ್ನೊಂದ್ಸಲ, ಇದೊಂದ್ಸಲ ನೋಡಿ ಉಣ್ಣಣ, ಕಂಬ, ತಲೆ ಏಳುತ್ತದೆ, ಅತ್ತೆ ಎಡಕ್ಕೆ ಬಾಗುತ್ತಾರೆ, ನಾನೂ ಬಾಗುತ್ತೇನೆ, ತಲೆ —