ಚರಗಕ್ಕಿಂತ ಮೊದಲು

ಎಳ್ಳಮಾವಾಸ್ಯೆಯ ದಿನ ಹಿರೋಳ್ಳಿಯ ನಮ್ಮ ಹೊಲದಲ್ಲಿ ಚರಗ ಚೆಲ್ಲುವ ತನಕ ಮನೆಯವರು ಯಾರೂ ಬಾಯಿಗೆ ತುತ್ತು ಇಡುವಂತಿಲ್ಲ. ಬನ್ನಿಗಿಡದ ಬುಡದಲ್ಲಿ ಪೂಜೆಯಾದ ಮೇಲೆ ಅಜ್ಜ ಭೂಮಿತಾಯಿಗೆಂದು ಬೆಳೆಯ ಸುತ್ತ ಅಡಿಗೆ ಚೆಲ್ಲುತ್ತ ಹೋಗುತ್ತಾನೆ. ಹಿಂದೆ ಮನೆಯವರೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ, ಚರಗದ ಕೂಗು ಹಾಕುತ್ತ ನಡೆಯುತ್ತಾರೆ. ಊಟ ಆಮೇಲೆ. ಹೊರಗಿನಿಂದ ಬಂದವರಿಗೆ ಮಾತ್ರ ಈ ಕಟ್ಟಳೆಯಿಲ್ಲ. ಅವರಿಗೆ ಮೊದಲೇ ಬಡಿಸುತ್ತಾರೆ.

ಈ ವರ್ಷ ತಂಬಿಗೆ ನನ್ನ ಕೈಗೆ ಎಂದು ಅಜ್ಜ ಹೇಳಿದ್ದ. ನನಗೆ ಹದಿನೇಳು. ಅಪ್ಪ ಲಾರಿ ಓಡಿಸುತ್ತ ಅಸ್ಸಾಮಿಗೆ ಹೋದವನು ಅಲ್ಲಿಂದ ಅವ್ವನನ್ನು ಮದುವೆಯಾಗಿ ಕರೆತಂದ. ಅವ್ವನ ಕಣ್ಣು, ಅವ್ವನ ಮೂಗು ನನಗೆ ಬಂದಿವೆ. ಆಳಂದದ ಬಸ್ಸಿನಲ್ಲಿ ಜನ ನನ್ನನ್ನು ಹಿಂದಿಯಲ್ಲಿ ಮಾತಾಡಿಸುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ, ಚಲೋ ಕಲಿತಿದ್ದೀ ಎನ್ನುತ್ತಾರೆ. ತಂಬಿಗೆ ಹಿಡಿದು ಹೊಲ ಸುತ್ತಿದರೆ ಊರು ಒಮ್ಮೆ ನೋಡುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೆ.

ಅಪ್ಪ ಲಾರಿಯ ಮೇಲೆ ಹೋಗಿದ್ದ. ಅವ್ವ ತಲೆನೋವೆಂದು ಮನೆಯಲ್ಲೇ ಉಳಿದಳು. ಪ್ರತಿ ಎಳ್ಳಮಾವಾಸ್ಯೆಗೂ ಅವಳಿಗೆ ತಲೆನೋವು.

ನನ್ನ ದೊಡ್ಡಪ್ಪನ ಮಗಳು, ಸೊಲ್ಲಾಪುರದಲ್ಲಿ ಬೆಳೆದ ಪ್ರಾಚಿಯನ್ನು ಮಗನಿಗೆ ನೋಡಲೆಂದು ಅಫಜಲಪುರದಿಂದ ಅಣ್ಣಾರಾಯರು ಬಂದಿದ್ದರು. ತಂಬಿಗೆ ಹಿಡಿದು ನಿಂತ ನನ್ನನ್ನು ಅವರು ಬಹಳ ಹೊತ್ತು ನೋಡಿದರು.

"ಈಕಿ ಯಾರ್ರಿ ಗೌಡ್ರ? ಗೂರ್ಖಾನ ಮಗಳೇನು?"

ಅಜ್ಜ ತನ್ನ ರುಮಾಲು ಸರಿಮಾಡಿಕೊಂಡ. ಅಜ್ಜಿ ಸುಭದ್ರಾಬಾಯಿ ನನ್ನ ಕೈಯಿಂದ ತಂಬಿಗೆ ತೆಗೆದು ಪ್ರಾಚಿಗೆ ಕೊಟ್ಟಳು.

"ನೀ ಬಂದವರ ಸಂಗಟ ಕುಂದ್ರವ್ವ," ಎಂದಳು. ದನಿ ಮೆತ್ತಗಿತ್ತು.

ಎಲೆ ಹಾಕಿದರು, ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿಪಲ್ಯ ಬಡಿಸಿದರು. ನಾನು ಮುಟ್ಟದೆ ಕುಳಿತೆ. ಚರಗ ಮುಗಿಯುವ ತನಕ ಕಾಯುವುದಾದರೂ ನನ್ನ ಕೈಯಲ್ಲಿತ್ತು.

"ಯಾಕವ್ವ, ನಮ್ಮ ರೊಟ್ಟಿ ಸೇರಂಗಿಲ್ಲೇನು?" ಅಣ್ಣಾರಾಯರು ಕೇಳಿದರು. "ನಿಮ್ಮ ಕಡಿ ನೂಡಲ್ಸ ಬೇಕಾಗಿತ್ತೇನೋ."

ಎಲ್ಲರೂ ನಕ್ಕರು. ಅಜ್ಜನೂ ನಕ್ಕ.

ನಾನು ರೊಟ್ಟಿ ಮುರಿದು ಭಜ್ಜಿ ಹಚ್ಚಿಕೊಂಡು ತಿಂದೆ. ಇನ್ನೊಂದು ಕೇಳಿ ಹಾಕಿಸಿಕೊಂಡೆ. ಹಸಿಮೆಣಸಿನಕಾಯಿ ಕಚ್ಚಿದೆ. ಇದು ನನ್ನ ಊಟವೆಂದು ಅವರಿಗೆ ತೋರಿಸಬೇಕಿತ್ತು. ತಲೆಯೆತ್ತಿದಾಗ ಅಜ್ಜ ಇನ್ನೂ ಗಿಡದ ಕೆಳಗೇ ಇದ್ದ. ಚರಗದ ಬುಟ್ಟಿ ತುಂಬಿಯೇ ಇತ್ತು.

ಅಜ್ಜಿ ನನ್ನ ಎಲೆಯನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊರೆ ಇಳಿಸಿದವಳಂತಿದ್ದಳು.

"ಉಂಡಳು ನೋಡ್ರಿ," ಎಂದು ಅಣ್ಣಾರಾಯರಿಗೆ ಹೇಳಿದಳು. "ನಮ್ಮ ಮನ್ಯಾಗಿನವರು ಚರಗ ಚೆಲ್ಲೂತನಕ ಉಣ್ಣಂಗಿಲ್ರಿ."

ಆಮೇಲೆ ಚರಗ ಹೊರಟಿತು. ಯಾವಾಗ ಏನು ಕೂಗಬೇಕೆಂದು ಪ್ರಾಚಿ ಮರಾಠಿಯಲ್ಲಿ ಅಜ್ಜನನ್ನು ಕೇಳುತ್ತಿದ್ದಳು. ಆ ಕೂಗು ನನಗೆ ಗೊತ್ತಿತ್ತು.

ಮನೆಗೆ ಬಂದಾಗ ಅವ್ವ ಚಾಪೆಯ ಮೇಲೆ ಎಚ್ಚರವಾಗಿಯೇ ಮಲಗಿದ್ದಳು.

"ನಿನಗೂ ಮೊದಲ ಬಡಿಸಿದ್ರೇನು?"

ಹೌದೆಂದೆ. ಅವಳು ಗೋಡೆಯ ಕಡೆ ಸರಿದು ನನಗೆ ಜಾಗ ಮಾಡಿದಳು.