ಹಸಿ ಸೋಪು

ಮರದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ರಸ್ಮಿಯಾ ಕೊಪ್ಪರಿಗೆಯ ತಳ ಕೆದಕಿ ತಿರುವುತ್ತಿದ್ದಳು. ಮೂರು ದಿನ ಕುದಿದು ಆಲಿವ್ ಎಣ್ಣೆಯೂ ಕ್ಷಾರದ ನೀರೂ ಗಂಜಿಯಂತೆ ಒಂದಾಗಿದ್ದವು. ಸೋಪನ್ನು ನೆಲಕ್ಕೆ ಹೊಯ್ದು ಆರಿಸಲು ಹೆಂಗಸರು ಜಾಗ ಗುಡಿಸಿಟ್ಟು ಕಾಯುತ್ತಿದ್ದರು.

"ನಾಲಿಗೆಗೆ ಹಚ್ಚಿ ಹೇಳಿಬಿಡಿ ದೊಡ್ಡಮ್ಮ. ಮನೇಲಿ ಕೋಳಿಗಳು ಉಪವಾಸ," ಎಂದಳು ಇಂತಿಸಾರ್, ರೊಟ್ಟಿಯ ಜೊತೆ ಟರ್ನಿಪ್ ಉಪ್ಪಿನಕಾಯಿ ಕಡಿಯುತ್ತ.

"ನಿನ್ನ ಗಂಡ ಇಲ್ವೇನೇ?"

"ಅವನಿಗೂ ನಾನೇ ಮೇವು ಹಾಕ್ಬೇಕು!"

ಹೆಂಗಸರು ನಕ್ಕರು. ರಸ್ಮಿಯಾ ಸೌಟಿನಿಂದ ಚೂರು ತೆಗೆದು, ಊದಿ, ನಾಲಿಗೆಗಿಟ್ಟಳು. ಕ್ಷಾರ ಉಳಿದಿದ್ದರೆ ಕೆಂಜಿಗ ಕಚ್ಚಿದಂತೆ ಚುರುಕ್ಕೆನ್ನಬೇಕು. ಎಣ್ಣೆ ಅದನ್ನು ಪೂರ್ತಿ ತಣಿಸಿದ್ದರೆ ಸಪ್ಪೆ. ಚಳಿಗಾಲದ ಜ್ವರಕ್ಕೆ ನಾಲಿಗೆ ಮರಗಟ್ಟಿದ ಮೇಲೆ ಅವಳಿಗೆ ಎಲ್ಲವೂ ಸಪ್ಪೆಯೇ. ಯಾರಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಅವಳು ಆಯಿತೆಂದರೆ ಆಯಿತು ಎಂದ ಊರು ಅದು. ಹಿಂದಿನ ಸಲವೂ ಆಯಿತೆಂದಿದ್ದಳು. ಆಮೇಲೆ ನಾಬ್ಲುಸ್ ಪಟ್ಟಣದ ಸೂಲಗಿತ್ತಿ ಸುಹೇಲಾಳ ಕಾಗದ ಬಂತು: ಎರಡು ಕೂಸುಗಳ ಮೈ ಕೆಂಪಗೆ ಎದ್ದಿದೆ, ಸೋಪು ಹಸಿಯಿತ್ತೇ? ನಾಲ್ಕು ತಿಂಗಳಾದರೂ ಉತ್ತರ ಬರೆಯಲು ಕೈ ಬಂದಿರಲಿಲ್ಲ. ಈ ಕೊಪ್ಪರಿಗೆಯೂ ಸುಹೇಲಾಳಿಗೇ ಹೋಗಬೇಕು.

ಈ ಸಲವೂ ಆಯಿತೆಂದು ಹೇಳಿಬಿಡಲು ಬಾಯಿ ತೆರೆದಳು. ಅಷ್ಟರಲ್ಲಿ ಇಂತಿಸಾರ್ ಇಣುಕಿದಳು. ಅವಳ ಕೈಯಲ್ಲಿದ್ದ, ಬಣ್ಣಕ್ಕೆ ಬೀಟ್‌ರೂಟ್ ಹಾಕಿದ ಉಪ್ಪಿನಕಾಯಿಯ ಕೆಂಪು ರಸ ಸೌಟಿನೊಳಗೆ ತೊಟ್ಟಿಕ್ಕಿತು. ಬಿದ್ದದ್ದೇ ತಡ, ಅರಿಸಿನದಂತೆ ಹಳದಿಯಾಯಿತು.

"ಇದೇನಿದು?" ಇಂತಿಸಾರ್ ಸೌಟಿನ ಅಂಚಿಗೆ ಬೆರಳು ಹಚ್ಚಿ ನೆಕ್ಕಿದಳು. "ಥೂ! ಬೆಂಕಿ! ದೊಡ್ಡಮ್ಮ, ಈಗ್ತಾನೇ ನೀವು ಬಾಯಿಗಿಟ್ಕೊಂಡ್ರಲ್ಲ?"

ರಸ್ಮಿಯಾ ಸೌಟು ಕೆಳಗಿಟ್ಟಳು.

"ನನಗೆ ಗೊತ್ತಾಗಲ್ಲ ಕಣೇ," ಎಂದಳು ರಸ್ಮಿಯಾ. "ಜ್ವರ ಬಂದಾಗಿಂದ."

"ಹೋದ ಸಲದ್ದು?"

"ಅದೂ."

ಇಂತಿಸಾರ್ ಉಪ್ಪಿನಕಾಯಿ ಬದಿಗಿಟ್ಟಳು. ಎಣ್ಣೆಯ ಡಬ್ಬಿ ಎತ್ತಿ ಕೊಪ್ಪರಿಗೆಗೆ ಬಗ್ಗಿಸಿದಳು. "ತಿರುವಿ," ಎಂದಳು.

ಗಳಿಗೆಗೊಮ್ಮೆ ಒಂದು ಸೌಟು ತೆಗೆದು ಕೆಂಪು ರಸ ಬಿಟ್ಟು ನೋಡಿದರು. ಹಳದಿ, ಅಂದರೆ ಕ್ಷಾರ ಇನ್ನೂ ಉಳಿದಿದೆ; ಮತ್ತೆ ಹಳದಿ. ಬಿಸಿಲು ಬಾಗಿಲು ದಾಟುವ ಹೊತ್ತಿಗೆ ತೊಟ್ಟು ಕೆಂಪಗೇ ನಿಂತಿತು. ಇಂತಿಸಾರ್ ರುಚಿ ನೋಡಿ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ನಾಬ್ಲುಸಿಗೆ ಹೊರಟಿದ್ದ ಕಾರಿನ ಕಿಟಕಿಗೆ ರಸ್ಮಿಯಾ ಲಕೋಟೆ ಚಾಚಿದಳು. ಒಳಗೆ ಮೂರೇ ಸಾಲು: ಅದು ಹಸಿ ಸೋಪು. ಗೊತ್ತಾಗದಿದ್ದರೂ ಆಯಿತು ಅಂದೆ. ಉಳಿದದ್ದನ್ನು ಯಾವ ಕೂಸಿಗೂ ಹಚ್ಚಬೇಡ.

"ಸೋಪಿನ ಗಂಟು ಎಲ್ಲಿ ಅಜ್ಜಿ?" ಎಂದ ಡ್ರೈವರ್ ನಿಹಾದ್.

"ಇವತ್ತು ಇಷ್ಟೇ. ಸುಹೇಲಾ ಕೈಗೇ ಕೊಡು."

ಅವನು ಲಕೋಟೆಯನ್ನು ಮುಂದಿನ ಗಾಜಿನ ಬುಡದಲ್ಲಿಟ್ಟು ಎಂಜಿನ್ ಚಾಲು ಮಾಡಿದ. ಕಾರು ನಡುಗಿತು.

"ಕೈ ತೆಗಿ ಅಜ್ಜಿ, ಹೊರಡ್ತೀನಿ."

ಕಿಟಕಿಯ ಅಂಚಿನ ಮೇಲಿಂದ ಅವಳು ಒಂದೊಂದಾಗಿ ಬೆರಳು ಬಿಡಿಸಿದಳು.