ಏಳನೆಯ ಸೆಮಿಸ್ಟರ್

“ಎರಡರಾಗ ಒಂದ್ ಹೇಳವಾ ತಂಗಿ,” ಎಂದ ಕಾಲೇಜಿನ ಗುಮಾಸ್ತ ಅಭಿನಂದನ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಕೋರ್ಸ್ ಮುಗಿಸೀಯೋ, ಬಿಟ್ಟೀಯೋ?”

“ಎರಡೂ ಅಲ್ರಿ ಸರ್.”

“ಎರಡೂ ಅಲ್ಲ ಅನ್ನೂದು ಇದರಾಗ ಇಲ್ಲ.”

ನೇತ್ರಾ ಕಿಟಕಿಯ ಸರಳು ಹಿಡಿದು ನಿಂತಳು. ಐದನೆಯ ಸೆಮಿಸ್ಟರಿನಲ್ಲಿ ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದಳು. ಹಾಜರಿ ಸಾಲದೆ ಆ ಸೆಮಿಸ್ಟರನ್ನೀಗ ಮತ್ತೆ ಕೂತು ಮುಗಿಸಬೇಕು. ವಿದ್ಯಾರ್ಥಿವೇತನ ಮಾತ್ರ ಆರು ಸೆಮಿಸ್ಟರಿಗೆ ಸರಿಯಾಗಿ ನಿಂತುಬಿಟ್ಟಿತ್ತು. ಅದಕ್ಕೆ ಕಾಮಾಲೆಯಾಗಿರಲಿಲ್ಲ.

“ಜಡ್ಡಾಗಿತ್ತರಿ. ಡಾಕ್ಟರ್ ಚೀಟಿ ಐತಿ.”

“ನನಗ ತೋರಿಸಿ ಏನ್ ಮಾಡ್ತಿ? ನಾ ಏನ್ ಗುಳಿಗಿ ಕೊಡಾಂವ?”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನೇತ್ರಾಳೂ ನಕ್ಕಳು, ನಗದಿದ್ದರೆ ಎದ್ದು ಕಾಣುತ್ತಿದ್ದಳು.

“ಸ್ಕಾಲರ್‌ಶಿಪ್ ನಂಬರ್ ಇಲ್ಲಂದ್ರ ಹಾಸ್ಟೆಲಿನ್ಯಾಗೂ ಹೆಸರು ಇರಂಗಿಲ್ಲ ನೋಡು,” ಎಂದ ಅಭಿನಂದನ.

ಗೇಟಿನ ಬಳಿ ಫೋನು ಬಂತು. ಊರಿನಿಂದ, ಘೋಡಗೇರಿಯಿಂದ, ಅವ್ವ ಪಾರವ್ವ.

“ಕೆಲಸ ಆತೇನ?”

“ಆಗಾಕತ್ತೈತಿ ಯವ್ವಾ.”

“ಹಾಸ್ಟೆಲಿನ್ಯಾಗ ಕಾಟ್ ಸಿಗಲಿಲ್ಲಂದ್ರ ಸಂಜಿ ಬಸ್ಸಿಗಿ ಬಂದ್ಬಿಡು. ಓದಿದ್ದ ಸಾಕು ಅಂತಾನ ನಿಮ್ಮಪ್ಪ.”

“ನೀ ಉಂಡೀ ಏನಬೇ?” ಎಂದಳು ನೇತ್ರಾ.

ಮನೆಯಿಂದ ಓಡಾಡುವಂತಿರಲಿಲ್ಲ. ಅವರೂರ ಬಸ್ಸು ಕಾಲೇಜಿರುವ ಗೋಕಾಕ ಮುಟ್ಟುವ ಹೊತ್ತಿಗೆ ಲ್ಯಾಬಿನ ಬಾಗಿಲು ಹಾಕಿರುತ್ತದೆ. ಮತ್ತೆ ಹಾಜರಿ.

ಬಿಸಿಲಿನಲ್ಲಿ ಹಾಸ್ಟೆಲಿನ ಹಾದಿ ನೀರೊಳಗಿದ್ದಂತೆ ಅಲುಗುತ್ತಿತ್ತು. ಎದುರಿಗೆ ಬಂದವರ ಬಾಯಿ ಮೊದಲು ತೆರೆಯುತ್ತಿತ್ತು. ಮಾತು ತಡವಾಗಿ, ಬೇರೆಲ್ಲಿಂದಲೋ ಕೇಳಿಸುತ್ತಿತ್ತು.

ಕೋಣೆಯಲ್ಲಿ ಅವಳು ಮಲಗುತ್ತಿದ್ದ ಕಾಟಿನ ಮೇಲೆ ಹೊಸ ಹುಡುಗಿಯೊಬ್ಬಳು ಕೂತು ಕೂದಲ ಸಿಕ್ಕು ಬಿಡಿಸುತ್ತಿದ್ದಳು. ನೇತ್ರಾಳನ್ನು ಕಂಡು ಗಡಬಡಿಸಿ ಎದ್ದಳು.

“ಯಾರನ ಭೆಟ್ಟಿ ಆಗಾಕ ಬಂದೀರಿ ಅಕ್ಕಾರ?”

ನೇತ್ರಾ ಸರಿಯಾದ ಶಬ್ದ ಹುಡುಕಿದಳು. ‘ನಾನು ಇಲ್ಲಿಯವಳು’ ಎಂದರೆ ಸುಳ್ಳಾಗಬಹುದು. ‘ಅಲ್ಲ’ ಎಂದರೂ.

“ನೇತ್ರಾನ್ನ,” ಎಂದಳು.

ಹುಡುಗಿ ವರಾಂಡಕ್ಕೆ ಹೋಗಿ ಕೂಗಿದಳು: “ನೇತ್ರಾ ಅಕ್ಕಾ! ನಿಮ್ಮನ್ನ ನೋಡಾಕ ಬಂದಾರ!” ಕೂಗು ಒಂದೊಂದೇ ಕೋಣೆ ಹೊಕ್ಕು ಹೊರಬಂತು. ನೇತ್ರಾಳೂ ಕಿವಿಗೊಟ್ಟಳು.

“ಇಲ್ಲೇ ಎಲ್ಲೋ ಅದಾರ್ರಿ. ಅಲ್ಲಿ ನೋಡ್ರಿ, ಬಕೀಟ ಇಟ್ಟಾರ. ಕುಂದರ್ರಿ, ಬರ್ತಾರ.”

ವರಾಂಡದ ಕೊನೆಯಲ್ಲಿ ಯಾರೋ ನಲ್ಲಿ ಬಿಟ್ಟು, ಕೆಳಗೆ ಹಸಿರು ಬಕೆಟ್ಟು ಇಟ್ಟು ಹೋಗಿದ್ದರು. ಮೊದಲ ವರ್ಷ ಉಗುರುಬಣ್ಣದಿಂದ ತಾನೇ ಬರೆದುಕೊಂಡ ಹೆಸರು ಅದರ ಹೊಟ್ಟೆಯ ಮೇಲೆ ಇನ್ನೂ ಕೆಂಪಗಿತ್ತು.

ನೇತ್ರಾ ವರಾಂಡದ ಬೆಂಚಿನ ಮೇಲೆ ಕೂತಳು. ಹುಡುಗಿ ತಂಬಿಗೆಯಲ್ಲಿ ಕುಡಿಯಲು ನೀರು ತಂದುಕೊಟ್ಟಳು, ಬೀಗರಿಗೆ ಕೊಡುವ ಹಾಗೆ.

ಬಕೆಟ್ಟು ತುಂಬಿತು. ನೀರು ಅಂಚು ದಾಟಿ ಹೆಸರಿನ ಮೇಲೆ ಹರಿಯಿತು, ವರಾಂಡದುದ್ದಕ್ಕೂ ತೆವಳುತ್ತ ಅವಳ ಚಪ್ಪಲಿಯವರೆಗೆ ಬಂತು. ಬಕೆಟ್ಟಿನವಳು ಬಂದು ನಲ್ಲಿ ನಿಲ್ಲಿಸಲಿ ಎಂದು ನೇತ್ರಾ ಕಾಯುತ್ತ ಕೂತಳು.